ಮಕ್ಕಳನ್ನು ನೋಡೋ ಹಕ್ಕಿಗಾಗಿ ಕಾನೂನನ್ನೇ ಬದಲಿಸಿದ ತಾಯಿ

ಕೆಲವು ತಿಂಗಳ ಹಿಂದೆ ಗೆಳೆಯನೊಬ್ಬನ ಜೊತೆ ಕೌಟುಂಬಿಕ ನ್ಯಾಯಾಲಯದ ವರಾಂಡದಲ್ಲಿ ಕೂತಿದ್ದೆ. ವಿಚ್ಛೇದನದ ನಂತರ ಅವನಿಗೆ ವಾರಕ್ಕೊಮ್ಮೆ, ಎರಡು ಗಂಟೆ ಮಾತ್ರ ಮಗಳನ್ನು ನೋಡೋಕೆ ಅನುಮತಿ. ಅವನು ಗಡಿಯಾರ ನೋಡ್ತಾ ಕೂತಿದ್ದಾಗ ನನಗೆ ನೆನಪಾದವರು ಕ್ಯಾರೊಲಿನ್ ನಾರ್ಟನ್.

ಅವರು ಹುಟ್ಟಿದ್ದು 1808ರಲ್ಲಿ, ಲಂಡನ್‌ನಲ್ಲಿ. ನಾಟಕಕಾರ ರಿಚರ್ಡ್ ಬ್ರಿನ್ಸ್ಲಿ ಶೆರಿಡನ್ ಅವರ ಮೊಮ್ಮಗಳು. 1827ರಲ್ಲಿ ವಕೀಲ ಜಾರ್ಜ್ ನಾರ್ಟನ್ ಜೊತೆ ಮದುವೆಯಾಯ್ತು. ಆತ ಹೊಡೀತಿದ್ದ. ಕವಿತೆ, ಕಾದಂಬರಿ ಬರೆದು ಕ್ಯಾರೊಲಿನ್ ಮನೆ ನಡೆಸೋಕೆ ನೆರವಾದರು, ಆದರೆ ಆ ದುಡ್ಡೂ ಕಾನೂನಿನ ಪ್ರಕಾರ ಗಂಡನದ್ದೇ. 1836ರಲ್ಲಿ ಆತ ಮೂರೂ ಗಂಡುಮಕ್ಕಳನ್ನು ಅವರಿಂದ ಕಿತ್ಕೊಂಡ. ಕಿರಿಯವನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಹೆಂಡತಿಗೆ ಪ್ರಧಾನಿ ಮೆಲ್ಬರ್ನ್ ಜೊತೆ ಸಂಬಂಧ ಇದೆ ಅಂತ ಪ್ರಧಾನಿ ಮೇಲೇ ದಾವೆ ಹೂಡಿದ. ಜ್ಯೂರಿ ಅದನ್ನು ತಳ್ಳಿಹಾಕಿತು. ಪ್ರಧಾನಿಯ ಹುದ್ದೆ ಉಳೀತು. ಆ ದಾವೆಯಲ್ಲಿ ಕ್ಯಾರೊಲಿನ್ ಕಕ್ಷಿದಾರರೇ ಅಲ್ಲ, ಅವರ ಮಾತು ಕೇಳೋರೂ ಇರಲಿಲ್ಲ. ತೀರ್ಪಿನ ನಂತರವೂ ಮಕ್ಕಳು ಸಿಗಲಿಲ್ಲ. ಯಾಕಂದ್ರೆ ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮಗು ತಂದೆಯದ್ದು.

ಆಮೇಲೆ ಅವರು ಕರಪತ್ರಗಳನ್ನು ಬರೆದರು, ಪರಿಚಯದ ರಾಜಕಾರಣಿಗಳ ಬೆನ್ನುಬಿದ್ದರು. ಒಂದು ಕರಪತ್ರಕ್ಕಂತೂ ಗಂಡಸಿನ ಹೆಸರಿಟ್ಟುಕೊಂಡರು. ಸಂಸದ ಥಾಮಸ್ ಟಾಲ್ಫೋರ್ಡ್ ಮಂಡಿಸಿದ ಮಸೂದೆ ಒಮ್ಮೆ ಮೇಲ್ಮನೆಯಲ್ಲಿ ಬಿದ್ದು, 1839ರಲ್ಲಿ ಕಾಯ್ದೆಯಾಯ್ತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಿ, ದೊಡ್ಡ ಮಕ್ಕಳನ್ನು ಭೇಟಿಯಾಗೋಕೆ ಬಿಡಿ ಅಂತ ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಾಯ್ತು. ಆದರೆ ವ್ಯಭಿಚಾರ ಸಾಬೀತಾದ ತಾಯಿಗೆ ಈ ಅವಕಾಶ ಇರಲಿಲ್ಲ.

ದುರಂತ ನೋಡಿ, ಆ ಕಾಯ್ದೆ ಅವರಿಗೇ ಉಪಯೋಗಕ್ಕೆ ಬರಲಿಲ್ಲ. ಜಾರ್ಜ್ ಮಕ್ಕಳನ್ನು ಸ್ಕಾಟ್ಲೆಂಡ್‌ನಲ್ಲಿ ಇಟ್ಟಿದ್ದ, ಕಾಯ್ದೆ ಅಲ್ಲಿಗೆ ಅನ್ವಯಿಸ್ತಿರಲಿಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯಗೊಂಡ. ತಾಯಿ ಬಂದು ತಲುಪೋ ಹೊತ್ತಿಗೆ ಹುಡುಗ ತೀರಿಕೊಂಡಿದ್ದ. 1877ರಲ್ಲಿ ತಾವು ಸಾಯೋ ಮುಂಚೆ ಕ್ಯಾರೊಲಿನ್ ಇನ್ನೊಂದು ಗೆಲುವನ್ನೂ ಕಂಡರು. ಅವರು ಪ್ರಚಾರ ಮಾಡಿದ್ದ ವಿಚ್ಛೇದನ ಸುಧಾರಣೆ 1857ರಲ್ಲಿ ಕಾಯ್ದೆಯಾಗಿತ್ತು.

ಅವರನ್ನು ದೇವತೆ ಮಾಡೋದು ಬೇಡ. ಗಂಡು ಹೆಣ್ಣು ಸಮಾನರು ಅನ್ನೋದನ್ನು ಅವರು ಒಪ್ಪುತ್ತಿರಲಿಲ್ಲ, ಹಾಗಂತ ಬರೆದೂ ಇದ್ದರು. ಆದರೂ ಮಗು ಒಬ್ಬರ ಸ್ವತ್ತು ಅನ್ನೋ ನಂಬಿಕೆಗೆ ಮೊದಲ ಬಿರುಕು ಬಿಟ್ಟದ್ದು ಅವರ ಹಟದಿಂದ.

ಆ ನಂಬಿಕೆ ನಮ್ಮಲ್ಲಿ ಪೂರ್ತಿ ಹೋಗಿದೆಯಾ? 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆ ಇವತ್ತಿಗೂ ತಂದೆಯನ್ನು ಮೊದಲು, ತಾಯಿಯನ್ನು ನಂತರ ಹೆಸರಿಸುತ್ತೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಬಳಿ ಇರಬೇಕು ಅಂತಲೂ ಹೇಳುತ್ತೆ. 2015ರಲ್ಲಿ ಕಾನೂನು ಆಯೋಗ ಇಬ್ಬರನ್ನೂ ಸಮಾನ ಪೋಷಕರನ್ನಾಗಿ ಮಾಡಿ, ಜಂಟಿ ಪಾಲನೆಗೆ ಕಾನೂನಿನಲ್ಲಿ ಜಾಗ ಕೊಡಿ ಅಂತ ಶಿಫಾರಸು ಮಾಡಿತು. ಅಂದು ಲಂಡನ್ನಿನಲ್ಲಿ ಕಾದವರು ತಾಯಿ, ಇಂದು ನನ್ನ ಪಕ್ಕ ಕಾದವನು ತಂದೆ. ಹಿಂಸೆ ಇರೋ ಮನೆಗಳಲ್ಲಿ ಮಗುವಿನ ಸುರಕ್ಷತೆಯೇ ಮೊದಲು, ಅದರಲ್ಲಿ ರಾಜಿ ಇಲ್ಲ. ಉಳಿದ ಕಡೆ ಕೇಳಬೇಕಾದ್ದು ಮಗು ಯಾರದ್ದು ಅಂತಲ್ಲ, ಮಗುವಿಗೆ ಯಾರ್ಯಾರು ಬೇಕು ಅಂತ.

ಅವತ್ತು ಮಗಳು ಓಡಿ ಬಂದಳು. ಅಪ್ಪನನ್ನು ಮೊದಲು ಕೇಳಿದ್ದು, ಇವತ್ತು ಎಷ್ಟು ಹೊತ್ತು ಇರ್ತೀಯ ಅಂತ.