ಪ್ರೊಫೆಸರ್ ಕಾಮರ್ಲಿಂಗ್ ಓನೆಸ್ ಅವರು

ಕೃಷ್ಣರಾಜನಗರದ ನಾಲೆಗಳ ನೀರು ಗದ್ದೆಯನ್ನು ಸೇರುವುದರೊಳಗೆ ಒಂದು ಪಾಲು ನೆಲದಲ್ಲಿ ಇಂಗಿಹೋಗುವುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೊರಟ ವಿದ್ಯುಚ್ಛಕ್ತಿಗೂ ಅದೇ ಗತಿಯಾಯಿತು. ತಂತಿಯ ತಡೆಯಿಂದ ಅದರ ಒಂದಂಶವು ಕಾವಾಗಿ ವ್ಯಯವಾಗುತ್ತಿತ್ತು. ಈ ತಡೆಯು ಪೂರ್ಣವಾಗಿ ಅಡಗುವುದನ್ನು ಮೊದಲು ಕಂಡ ಮಹನೀಯರು ಹಾಲೆಂಡಿನ ಹೈಕೆ ಕಾಮರ್ಲಿಂಗ್ ಓನೆಸ್ ಅವರು.

ಇವರು 1853ನೆಯ ಇಸವಿ ಸೆಪ್ಟೆಂಬರ್ 21ರಂದು ಗ್ರೋನಿಂಗೆನ್ ಪಟ್ಟಣದಲ್ಲಿ ಹೆಂಚಿನ ಕಾರ್ಖಾನೆಯ ಯಜಮಾನರೊಬ್ಬರ ಮಗನಾಗಿ ಜನಿಸಿದರು. 1882ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಅವರ ದೇಹಸ್ಥಿತಿಯು ಎಂದೂ ದೃಢವಾಗಿರಲಿಲ್ಲ. ಉಪಕರಣಗಳನ್ನು ಮಾಡುವ, ಗಾಜನ್ನು ಊದುವ ಕೈಕೆಲಸಗಳನ್ನು ಕಲಿಸುವುದಕ್ಕಾಗಿ ಪ್ರಯೋಗಶಾಲೆಗೆ ಸೇರಿದಂತೆ ಒಂದು ಶಾಲೆಯನ್ನೂ ನಡೆಯಿಸಿದರು. ನೀಲಿ ಅಂಗಿಯ ಆ ಹುಡುಗರಿಲ್ಲದೆ ಗುರುಗಳ ಕೀರ್ತಿಯೂ ಇಲ್ಲವೆಂದೇ ನನ್ನ ಎಣಿಕೆ.

1908ನೆಯ ಜುಲೈ 10ರಂದು ಬೆಳಗಿನಿಂದ ರಾತ್ರಿಯವರೆಗೆ ದುಡಿದು ಅವರು ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ದೊರೆತದ್ದು ಚಿಕ್ಕದೊಂದು ಲೋಟದಷ್ಟು ಮಾತ್ರ. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಆ ಶೈತ್ಯದಲ್ಲಿ, 1911ರಲ್ಲಿ, ಪಾದರಸದ ತಡೆಯು ಒಮ್ಮೆಗೇ ಮಾಯವಾಯಿತು. 1913ರಲ್ಲಿ ನೊಬೆಲ್ ಬಹುಮಾನವು ಬಂದಿತು.

ಅದೇ ವರ್ಷ ಅವರು ಸೀಸದ ತಂತಿಯನ್ನು ಸುರುಳಿಯಾಗಿ ಸುತ್ತಿ ಬಲವಾದ ಅಯಸ್ಕಾಂತವನ್ನು ಮಾಡಹೊರಟರು. ಆದರೆ ಸುರುಳಿಯಲ್ಲಿ ಪ್ರವಾಹವು ಅವರು ಎಣಿಸಿದುದಕ್ಕಿಂತ ಬಹು ಮೊದಲೇ ತಡೆಗೆ ಸಿಕ್ಕಿತು. ತಂತಿಯಲ್ಲಿ ಎಲ್ಲಿಯೋ ಕೆಟ್ಟ ಸ್ಥಳಗಳಿರಬೇಕೆಂದು ಅವರು ಊಹಿಸಿದರು. ಮರುವರ್ಷ ತಾವೇ ಅಳೆದು ನೋಡಲಾಗಿ, ಕಾಂತಬಲವು ಒಂದು ಮಿತಿಯನ್ನು ಮೀರಿದರೆ ತಡೆಯು ಮರಳುವುದೆಂದು ತಿಳಿಯಿತು. ತಂತಿಯನ್ನು ದೂಷಿಸಿ ಸುಮ್ಮನಾಗದೆ ಮತ್ತೆ ಅಳೆದ ಈ ಸಂಗತಿಯು ನನಗೆ ಬಹುಮಾನಕ್ಕಿಂತಲೂ ದೊಡ್ಡದಾಗಿ ತೋರುತ್ತದೆ. ಅವರು 1926ನೆಯ ಫೆಬ್ರವರಿ 21ರಂದು ಲೈಡನ್ನಿನಲ್ಲಿ ದೈವಾಧೀನರಾದರು.

ಕೆಟ್ಟ ಸ್ಥಳಗಳ ವಿಚಾರವು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ತಾಮ್ರವು ಸೇರಿದ ಆಕ್ಸೈಡುಗಳಲ್ಲಿಯೂ ಈ ಗುಣವು ಕಂಡುಬಂದಿತು. ತರುವಾಯ ಅವುಗಳಿಂದ, ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಪೊರೆಗಳನ್ನು ಮಾಡತೊಡಗಿದರು. ಪೊರೆಯ ಸ್ಫಟಿಕಕಣಗಳು ಒಂದಕ್ಕೊಂದು ಓರೆಯಾಗಿ ಕೂಡಿದ ಸಂಧಿಗಳಲ್ಲಿ ಪ್ರವಾಹವು ಸೊರಗುತ್ತದೆ. ಓರೆಯು ಹೆಚ್ಚಿದಂತೆ ನಷ್ಟವೂ ಹೆಚ್ಚು. ಇಲ್ಲಿ ದೋಷವು ನಿಜವಾಗಿಯೂ ದೋಷವೇ ಸರಿ. ಆದರೆ ಕಾಂತಬಲವು ಪೊರೆಯೊಳಕ್ಕೆ ಸಣ್ಣ ಸಣ್ಣ ಸುಳಿಗಳಾಗಿ ಹೊಗುತ್ತದೆ. ಪ್ರವಾಹವು ಅವುಗಳನ್ನು ತಳ್ಳಿ ಚಲಿಸುವಂತೆ ಮಾಡಿದರೆ ತಡೆಯು ಪುನಃ ತಲೆದೋರುವುದು. ಪೊರೆಯಲ್ಲಿಯ ಕೆಲವು ಅತಿಸೂಕ್ಷ್ಮ ಲೋಪಗಳು ಆ ಸುಳಿಗಳನ್ನು ಹಸುವನ್ನು ಗೂಟಕ್ಕೆ ಕಟ್ಟಿದಂತೆ ಹಿಡಿದು ನಿಲ್ಲಿಸುತ್ತವೆ. ಆದುದರಿಂದ ಪೊರೆಯನ್ನು ಮಾಡುವವರು ಕಣಗಳ ಓರೆಯನ್ನು ತಿದ್ದುವಾಗಲೇ ಇಂತಹ ಲೋಪಗಳನ್ನು ಬೇಕೆಂದೇ ಸೇರಿಸುತ್ತಾರೆ.