ಪಂಚರತ್ನಂ ಮತ್ತು ಗೋಳದ ಮೇಲಿನ ತ್ರಿಕೋನ

ಟೋಪೋಲಾಜಿಕಲ್ ಇನ್ಸುಲೇಟರ್ ಅಂದ್ರೆ ಒಳಗೆ ಕರೆಂಟ್ ಹರಿಯಲ್ಲ, ಮೇಲ್ಮೈಯಲ್ಲಿ ಹರಿಯುತ್ತೆ. ಇದರ ಗಣಿತದ ಬೇರಲ್ಲಿ ಜ್ಯಾಮಿತೀಯ ಫೇಸ್ ಅನ್ನೋದೊಂದಿದೆ. ಅದನ್ನ ಬೆಳಕಿನಲ್ಲಿ ಮೊದಲು ಗುರುತಿಸಿದವರಲ್ಲಿ ಒಬ್ಬರು ಬೆಂಗಳೂರಲ್ಲಿ ಕೂತು ಕೆಲಸ ಮಾಡಿದ ಎಸ್. ಪಂಚರತ್ನಂ.

ಅವರು ಹುಟ್ಟಿದ್ದು 1934ರಲ್ಲಿ, ಕಲ್ಕತ್ತಾದಲ್ಲಿ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೂಲಕ ಬೆಳಕು ಹೇಗೆ ಸಾಗುತ್ತೆ ಅಂತ ಅಧ್ಯಯನ ಮಾಡ್ತಿದ್ದರು. 1956ರಲ್ಲಿ, 22ನೇ ವಯಸ್ಸಿಗೆ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು.

ಬೆಳಕಿನ ಪ್ರತಿಯೊಂದು ಪೋಲರೈಸೇಷನ್ ಒಂದು ಗೋಳದ ಮೇಲಿನ ಒಂದು ಬಿಂದು. ಬೆಳಕನ್ನ ಮೂರು ಬಿಂದು ಸುತ್ತಿಸಿ ಮೊದಲಿನ ಜಾಗಕ್ಕೇ ತಂದರೂ ಅದರ ಫೇಸ್ ಮೊದಲಿನಂತೆ ಇರಲ್ಲ. ವ್ಯತ್ಯಾಸ ಎಷ್ಟು ಅಂದ್ರೆ, ಆ ತ್ರಿಕೋನದ ಘನಕೋನದ ಅರ್ಧ.

ದಂಡಿನಶಿವರದ ಕಡೆಯ ನಮಗೆ ಇದು ತೆಂಗಿನಕಾಯಿ ಹಿಡಿದ್ರೇ ಅರ್ಥ ಆಗೋದು! ದುಂಡಗಿರೋ ಕಾಯಿ ಸುಲಿದು, ಅದರ ತುದಿಯಲ್ಲಿ ಪೊರಕೆ ಕಡ್ಡಿಯೊಂದನ್ನ ಕೆಳಮುಖವಾಗಿ ಇಡಿ. ನೇರ ನಡುವಿನವರೆಗೆ ಇಳಿಸಿ, ಕಡ್ಡಿ ತಿರುಗಿಸದೆ ಕಾಲು ಸುತ್ತು ಪಕ್ಕಕ್ಕೆ ಸರಿಸಿ, ಮತ್ತೆ ತುದಿಗೆ ತನ್ನಿ. ನಾವು ಎಲ್ಲೂ ತಿರುಗಿಸಲಿಲ್ಲ, ಆದ್ರೂ ಕಡ್ಡಿ 90 ಡಿಗ್ರಿ ತಿರುಗಿರುತ್ತೆ. ತಿರುಗಿಸಿದ್ದು ಕಾಯಿಯ ದುಂಡುತನ. ಪಂಚರತ್ನಂ ಗೋಳದಲ್ಲಿ ಇದೇ ತ್ರಿಕೋನ ಸುತ್ತಿದರೆ ಫೇಸ್ 45 ಡಿಗ್ರಿ.

1961ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡರು. ಆಗ ವಯಸ್ಸು ಬರೀ 35.

1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಇಂಥದ್ದೇ ಫೇಸ್ ತೋರಿಸಿದರು, ಜಗತ್ತೆಲ್ಲ ಸುದ್ದಿಯಾಯ್ತು. ಪಂಚರತ್ನಂ ಇದನ್ನ ಮೊದಲೇ ಕಂಡಿದ್ದರು ಅಂತ 1986ರಲ್ಲಿ ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ ಬರೆದರು. ಮರುವರ್ಷ ಬೆರ್ರಿಯವರೇ ಅದನ್ನ ಒಪ್ಪಿ ಪ್ರಬಂಧ ಪ್ರಕಟಿಸಿದರು. ಇವತ್ತು ಎಲೆಕ್ಟ್ರಾನ್‌ಗಳ ಈ ಫೇಸನ್ನ ಹರಳಿನ ಎಲ್ಲಾ ಸ್ಥಿತಿಗಳ ಮೇಲೆ ಕೂಡಿದಾಗ ಪೂರ್ಣಾಂಕ ಸಿಗುತ್ತೆ. ಸಣ್ಣಪುಟ್ಟ ದೋಷಕ್ಕೆ ಪೂರ್ಣಾಂಕ ಅಲ್ಲಾಡಲ್ಲ. 2016ರ ಫಿಸಿಕ್ಸ್ ನೊಬೆಲ್ ಬಂದಿದ್ದು ಇಂಥ ಟೋಪೋಲಜಿ ಕೆಲಸಕ್ಕೇ.

ಮೂವತ್ತು ವರ್ಷ ಆ ಪ್ರಬಂಧ ನಮ್ಮ ಲೈಬ್ರರಿಗಳಲ್ಲೇ ಇತ್ತು, ತೆರೆದು ನೋಡಿದವರು ಕಮ್ಮಿ. ಹೊರದೇಶದವರು ಹೇಳಿದ ಮೇಲೇನೇ ಓದೋದು ಅನ್ನೋ ಅಭ್ಯಾಸ ನಮಗೂ ಇದೆ. ಅಕಾಡೆಮಿಯ ಹಳೇ ಸಂಚಿಕೆಗಳು ಈಗ ಆನ್‌ಲೈನಲ್ಲಿ ಉಚಿತವಾಗಿ ಸಿಗ್ತವೆ. ಮುಂದಿನ ಸಲ ಲ್ಯಾಬಲ್ಲಿ ಪೋಲರಾಯ್ಡ್ ಹಿಡಿಯೋ ಮುಂಚೆ ಆ 1956ರ ಪ್ರಬಂಧವನ್ನ ಒಮ್ಮೆ ತೆರೆದು ನೋಡೋಣ.