ಬಧಿರ ನಾದಯೋಗಿ ಬೀಥೋವನ್

ಚಿತ್ರಕಾರನಿಗೆ ಕಣ್ಣು ಹೇಗೋ ಸಂಗೀತರಚಕನಿಗೆ ಕಿವಿ ಹಾಗೆ. ಆ ಕಿವಿಯೇ ತುಂಬುಹರೆಯದಲ್ಲಿ ಮುಚ್ಚಿಕೊಳ್ಳತೊಡಗಿದರೆ ಅವನ ಗತಿಯೇನು? ಪಾಶ್ಚಾತ್ಯ ಸಂಗೀತದ ಮೇರುಪುರುಷನೆನಿಸಿದ ಲೂಡ್ವಿಗ್ ವಾನ್ ಬೀಥೋವನನ ಬಾಳು ಈ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿದೆ.

ಜರ್ಮನಿಯ ರೈನ್ ನದೀತೀರದ ಬಾನ್ ನಗರದಲ್ಲಿ 1770ರ ಡಿಸೆಂಬರಿನಲ್ಲಿ ಆತನ ಜನನವಾಯಿತು. ಜನ್ಮದಿನದ ದಾಖಲೆಯಿಲ್ಲ; ಆ ತಿಂಗಳ 17ರಂದು ದೀಕ್ಷಾಸ್ನಾನವಾದುದು ಮಾತ್ರ ಇಗರ್ಜಿಯ ಪುಸ್ತಕದಲ್ಲಿದೆ. ತಾತನೂ ತಂದೆಯೂ ಆಸ್ಥಾನದ ಗಾಯಕರು. ತಂದೆ ಕಠೋರ ಶಿಕ್ಷಕ, ಮೇಲಾಗಿ ಪಾನಾಸಕ್ತ. 1792ರಲ್ಲಿ ಬೀಥೋವನ್ ವಿಯೆನ್ನಾ ನಗರವನ್ನು ಸೇರಿ ಹೈಡನ್ ಮಹಾಶಯನಲ್ಲಿ ಶಿಷ್ಯವೃತ್ತಿ ಮಾಡಿದನು. ಕೆಲವೇ ವರ್ಷಗಳಲ್ಲಿ ಪಿಯಾನೋ ವಾದನದಲ್ಲಿ ಅವನಿಗೆ ಎಣೆಯಿಲ್ಲವೆಂಬ ಮಾತು ಶ್ರೀಮಂತರ ಮನೆಮನೆಗಳಲ್ಲಿ ಹಬ್ಬಿತು.

1798ರ ಸುಮಾರಿಗೆ ವಿಪತ್ತು ಮೆಲ್ಲನೆ ಕಾಲಿಟ್ಟಿತು. ಕಿವಿ ಮಂದವಾಗುವುದರ ಜೊತೆಗೆ ಒಳಗೊಂದು ಸದ್ದು ಹುಟ್ಟಿಕೊಂಡಿತು. ನಮ್ಮ ಸುಶ್ರುತಾದಿ ಆಯುರ್ವೇದಾಚಾರ್ಯರು ಕರ್ಣನಾದವೆಂದು ಹೆಸರಿಟ್ಟು, ಬಾಧಿರ್ಯದಿಂದ ಬೇರೆಯಾಗಿ ಎಣಿಸಿರುವ ವ್ಯಾಧಿಯಿದು. ಹೊರಗೆ ನಿಶ್ಶಬ್ದವಾದಷ್ಟೂ ಒಳಗಿನ ಗುಂಯ್‌ಗುಟ್ಟುವಿಕೆ ಎದ್ದು ಕೇಳುತ್ತದೆ. ರಾತ್ರಿಯ ಏಕಾಂತವೂ ವಿಶ್ರಾಂತಿಯಾಗದು. 1801ರ ಜೂನ್ ತಿಂಗಳಲ್ಲಿ ಬಾಲ್ಯಸ್ನೇಹಿತನಾದ ವೈದ್ಯ ವೇಗೆಲರನಿಗೆ ಬರೆದ ಪತ್ರದಲ್ಲಿ ಬೀಥೋವನ್ ಈ ಗುಟ್ಟನ್ನು ಬಿಚ್ಚಿಟ್ಟಿದ್ದಾನೆ. ಹಗಲಿರುಳೂ ಕಿವಿ ಮೊರೆಯುತ್ತಿದೆ. ನಾಟ್ಯಶಾಲೆಯಲ್ಲಿ ವಾದ್ಯವೃಂದಕ್ಕೆ ತೀರ ಒತ್ತಿ ಕುಳಿತರಷ್ಟೇ ನಟರ ಮಾತು ತಿಳಿಯುತ್ತದೆ. ತುಸು ದೂರವಾದರೆ ತಾರಸ್ಥಾಯಿಯ ಸ್ವರಗಳೇ ಕೇಳಿಸವು. ಮೆಲುಮಾತಿನ ಧ್ವನಿ ಕೇಳಿದರೂ ಪದಗಳು ಸಿಕ್ಕವು. ಯಾರಾದರೂ ಕೂಗಿದರೆ ಸಹಿಸಲಾಗದು ಎಂಬುದು ಅದರ ತಾತ್ಪರ್ಯ. ಧ್ವನಿ ಕೇಳಿಯೂ ಪದ ಕೇಳದಿರುವುದು ವಿಚಿತ್ರವೆನಿಸಬಹುದು. ಅಕಾರಾದಿ ಸ್ವರಗಳ ಬಲವು ಕೆಳಗಿನ ಶ್ರುತಿಗಳಲ್ಲಿಯೂ ಸಕಾರ ಶಕಾರ ತಕಾರಗಳಂತಹ ವ್ಯಂಜನಗಳ ಗುರುತು ಮೇಲಿನ ಶ್ರುತಿಗಳಲ್ಲಿಯೂ ಇರುವುದರಿಂದ, ಮೇಲಿನದು ಮೊದಲು ನಷ್ಟವಾದವನಿಗೆ ನುಡಿಯ ಮೈ ಉಳಿದು ಮೊಗ ಅಳಿಸಿಹೋಗುತ್ತದೆ.

ದೇಹದ ಬೇನೆಗಿಂತ ಲಜ್ಜೆಯ ಬೇನೆ ದೊಡ್ಡದಾಯಿತು. ಬೇರೆ ವೃತ್ತಿಯವನಾಗಿದ್ದರೆ ಕಿವಿ ಕೇಳದೆಂದು ಹೇಳಿ ಹಗುರಾಗಬಹುದಿತ್ತು. ಸಂಗೀತಗಾರನೇ ಹಾಗೆ ಹೇಳಿಕೊಂಡರೆ ವೈರಿಗಳು ಸುಮ್ಮನಿರುವರೇ? ಆದುದರಿಂದ ಸಭೆ ಸಮಾರಂಭಗಳನ್ನು ತೊರೆದನು. ಮಾತು ತಪ್ಪಿಹೋದಾಗ ಜನರು ಅವನನ್ನು ಅನ್ಯಮನಸ್ಕನೆಂದು ಭಾವಿಸಿದರು. ಆ ಭಾವನೆಯೇ ಅವನಿಗೆ ಮರೆಯಾಯಿತು. ಚಿಕಿತ್ಸೆಗಳಿಗೇನೂ ಕೊರತೆಯಿರಲಿಲ್ಲ. ಬಾದಾಮಿ ಎಣ್ಣೆ, ಡ್ಯಾನ್ಯೂಬ್ ನೀರಿನ ಉಗುರುಬೆಚ್ಚನೆಯ ಸ್ನಾನ, ತೋಳುಗಳಿಗೆ ಬೊಬ್ಬೆಯೇಳಿಸುವ ತೊಗಟೆಯ ಪಟ್ಟಿ. ಕಿವಿಯ ರೋಗಕ್ಕೆ ಪಿಯಾನೋ ನುಡಿಸುವವನ ತೋಳುಗಳನ್ನೇ ಕೆಲವು ದಿನ ಕೆಲಸಕ್ಕೆ ಬಾರದಂತೆ ಮಾಡುವ ವೈದ್ಯವಿದು!

1802ರಲ್ಲಿ ವೈದ್ಯನ ಸಲಹೆಯಂತೆ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿ ತಂಗಿದನು. ಪಕ್ಕದಲ್ಲಿ ನಿಂತವರಿಗೆ ದೂರದ ಕೊಳಲು ಕೇಳಿಸುತ್ತಿತ್ತು. ಇವನಿಗೆ ಏನೂ ಇಲ್ಲ. ಅಕ್ಟೋಬರಿನಲ್ಲಿ ಸೋದರರಿಗೆಂದು ಬರೆದ ಪತ್ರದಲ್ಲಿ, ಪ್ರಾಣತ್ಯಾಗದ ಅಂಚಿಗೆ ಹೋದುದನ್ನೂ ಕಲೆಯೊಂದೇ ತನ್ನನ್ನು ಹಿಡಿದು ನಿಲ್ಲಿಸಿದುದನ್ನೂ ತೋಡಿಕೊಂಡನು. ಆ ಪತ್ರವನ್ನು ಕಳುಹಿಸಲೇ ಇಲ್ಲ. ಇಪ್ಪತ್ತೈದು ವರ್ಷ ತನ್ನಲ್ಲಿಯೇ ಇಟ್ಟುಕೊಂಡನು. ಮರಣಾನಂತರ ಅದು ಇತರರ ಕೈಗೆ ಬಂದಿತು. ಕೊಳಲು ಕೇಳದೆ ನೊಂದ ಈತನೇ 1808ರಲ್ಲಿ ವಿಯೆನ್ನಾದ ಜನರಿಗೆ ಕೇಳಿಸಿದ ಆರನೆಯ ಸಿಂಫನಿಯಲ್ಲಿ, ನೈಟಿಂಗೇಲ್ ಹಕ್ಕಿಯ ಉಲಿಯನ್ನು ಕೊಳಲಿನಿಂದಲೇ ಹಾಡಿಸಿದ್ದಾನೆ.

1809ರಲ್ಲಿ ನೆಪೋಲಿಯನ್ನನ ಸೇನೆ ವಿಯೆನ್ನಾದ ಮೇಲೆ ಗುಂಡು ಸುರಿದಾಗ, ಅಳಿದುಳಿದ ಶ್ರವಣಶಕ್ತಿಯನ್ನು ಕಾಪಾಡಿಕೊಳ್ಳಲು ತಮ್ಮನ ಮನೆಯ ನೆಲಮಾಳಿಗೆಯಲ್ಲಿ ಕಿವಿಗಳಿಗೆ ದಿಂಬು ಒತ್ತಿ ಕುಳಿತನೆಂದು ಅವನ ಶಿಷ್ಯನೊಬ್ಬನು ಬರೆದಿದ್ದಾನೆ. ಬಳಿಕ ಯಂತ್ರಶಿಲ್ಪಿ ಮೆಲ್ಟ್ಸೆಲ್ ಅವನಿಗಾಗಿ ಲೋಹದ ಕಹಳೆಗಳನ್ನು ಮಾಡಿಕೊಟ್ಟನು. ಅಗಲವಾದ ಬಾಯಿ ಶಬ್ದವನ್ನು ಕೂಡಿಹಿಡಿದು, ಸಣ್ಣ ತುದಿಯ ಮೂಲಕ ಕಿವಿಗೆ ಮುಟ್ಟಿಸುವುದಷ್ಟೇ ಅವುಗಳ ಕಾರ್ಯ. ಕುಂದಿದ ಶ್ರುತಿಯನ್ನೇ ಆರಿಸಿ ಎತ್ತುವ, ಅತಿಯಾದುದನ್ನು ತಡೆಯುವ ಇಂದಿನ ಶ್ರವಣಸಾಧನದ ಜಾಣ್ಮೆ ಆ ಕಹಳೆಗೆಲ್ಲಿಯದು? ಹೊರಗಿನ ಶಬ್ದ ತುಂಬಿದಾಗ ಒಳಗಿನ ಮೊರೆತವು ಎಷ್ಟೋ ಜನರಿಗೆ ಹಿಂದೆ ಸರಿದಂತಾಗುವುದುಂಟು. ಅದನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ಇಲ್ಲ.

1814ರಲ್ಲಿ ಆರ್ಚ್‌ಡ್ಯೂಕ್ ಟ್ರಿಯೋ ಎಂಬ ಕೃತಿಯನ್ನು ಸ್ವತಃ ನುಡಿಸಿದನು. ಅದರ ಅಭ್ಯಾಸವನ್ನು ಕೇಳಿದ ಸಂಗೀತಗಾರ ಷ್ಪೋರ್ ಮರುಗಿದನು: ಗಟ್ಟಿಯೆಡೆಯಲ್ಲಿ ತಂತಿಗಳು ಕಿರುಗುಟ್ಟುವಂತೆ ಹೊಡೆತ, ಮೆಲುವೆಡೆಯಲ್ಲಿ ಸ್ವರಗಳೇ ಹುಟ್ಟದಷ್ಟು ಮೃದುತ್ವ. ವಾದಕನ ಬಾಳು ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

1818ರಿಂದ ಸಂವಾದಪುಸ್ತಕಗಳ ಕಾಲ. ಬಂದವರು ತಮ್ಮ ಮಾತನ್ನು ಬರೆಯುವುದು, ಅವನು ಬಾಯಿಂದ ಉತ್ತರಿಸುವುದು ವಾಡಿಕೆಯಾಯಿತು. ನೂರಕ್ಕೂ ಮಿಕ್ಕಿ ಉಳಿದಿರುವ ಆ ಪುಸ್ತಕಗಳಲ್ಲಿ ಮನೆಯ ಖರ್ಚು, ಅಡುಗೆಯವಳ ದೂರು, ರಾಜಕಾರಣ ಎಲ್ಲವೂ ಇವೆ. ಬೀಥೋವನನ ಉತ್ತರಗಳು ಮಾತ್ರ ಬಹುಪಾಲು ಗಾಳಿಯಲ್ಲಿ ಹೋದವು. ಅವನ ಕಾರ್ಯದರ್ಶಿಯಾಗಿದ್ದ ಷಿಂಡ್ಲರ್ ತನ್ನ ಹಿರಿಮೆಗೆಂದು ಆಮೇಲೆ ಸುಳ್ಳು ಸಾಲುಗಳನ್ನು ಸೇರಿಸಿದುದು 1970ರ ದಶಕದಲ್ಲಿ ಬಯಲಾಯಿತು. ಮೂಕಸಾಕ್ಷಿಗೂ ಮೋಸ!

1824ರ ಮೇ 7ರಂದು ಒಂಬತ್ತನೆಯ ಸಿಂಫನಿಯ ಪ್ರಥಮ ಪ್ರಯೋಗ ನಡೆಯಿತು. ಬೀಥೋವನ್ ವೇದಿಕೆಯ ಮೇಲೆ ನಿಂತು ಲಯ ತೋರಿಸುತ್ತಿದ್ದರೂ ವಾದ್ಯವೃಂದವು ಕಣ್ಣಿಟ್ಟದ್ದು ಉಮ್ಲಾಫನ ಕೈಗಳ ಮೇಲೆ. ಸಭೆಯ ಕರತಾಡನ ಅವನನ್ನು ಮುಟ್ಟಲಿಲ್ಲ. ಗಾಯಕಿ ಕರೋಲಿನ್ ಉಂಗರ್ ಅವನನ್ನು ಮೆಲ್ಲನೆ ಸಭೆಯ ಕಡೆಗೆ ತಿರುಗಿಸಿದಳು. ಆಗ ಜನರ ಕೈಗಳು ಆಡುವುದನ್ನು ಕಂಡು ಅವನು ತಲೆಬಾಗಿದನು.

1827ರ ಮಾರ್ಚ್ 26ರಂದು ಅವನು ತೀರಿಕೊಂಡನು. ಶವಪರೀಕ್ಷೆಯಲ್ಲಿ ಶ್ರವಣನರಗಳು ಬತ್ತಿಹೋಗಿದ್ದುದು ಕಂಡಿತು. ಅವನದೇ ಕೂದಲೆಂದು ನಿರ್ಧಾರವಾದ ಎಳೆಗಳ ವಂಶಾಣುಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಶೋಧದಲ್ಲಿ ಯಕೃತ್ತಿನ ರೋಗದ ಸುಳಿವು ಸಿಕ್ಕಿತು. 2024ರ ಶೋಧವು ಆ ಕೂದಲಲ್ಲಿ ಸೀಸದ ಅಂಶ ಅತಿಯಾಗಿದ್ದುದನ್ನು ತೋರಿಸಿತು. ಕಿವಿ ಕೆಟ್ಟ ಕಾರಣ ಇನ್ನೂ ನಿಶ್ಚಯವಾಗಿಲ್ಲ. ಮೆಲ್ಟ್ಸೆಲ್ ಮಾಡಿಕೊಟ್ಟ ಕಹಳೆಗಳು ಬಾನ್ ನಗರದಲ್ಲಿ, ಅವನು ಹುಟ್ಟಿದ ಮನೆಯ ಸಂಗ್ರಹಾಲಯದಲ್ಲಿ ಇಂದಿಗೂ ಇವೆ.